ಕಣ್ಣು ಬರುವವರೆಗೆ

ಮೀನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಫಿಟ್ಟರ್ ಗುಡುಗ ವಾದಿಸುತ್ತಿದ್ದ. ಆ ವಾದಕ್ಕೆ ಅವನ ಹತ್ತಿರ ಇದ್ದದ್ದು ಒಂದೇ ಸಾಕ್ಷಿ. ಆದರೆ ಆ ಸಾಕ್ಷಿ, ಯಾರೂ ಸಮನ್ಸ್ ಕಳಿಸದೆಯೇ, ದಿನಾ ಸಂಜೆ ಬಂದು ಹೇಳಿಕೆ ಕೊಟ್ಟು ಹೋಗುತ್ತಿತ್ತು.

ಬಿಸಿಲು ಎದುರಿನ ಹಿಮದ ಬೆಟ್ಟದ ಭುಜ ದಾಟಿ, ಮೀನಿನ ಮರಿಕೇಂದ್ರದ ಅಂಗಳಕ್ಕೆ ನೆರಳು ಬಿದ್ದ ಸ್ವಲ್ಪ ಹೊತ್ತಿಗೆ ಕಾಲುವೆಯ ಕಡೆಯಿಂದ ಸದ್ದು ಶುರುವಾಗುತ್ತಿತ್ತು. ದಡ್, ದಡ್, ಆಮೇಲೆ ಏನನ್ನೋ ಎಳೆದ ಹಾಗೆ ಸರ್ರ್. ತುಸು ಬಿಡುವು. ಮತ್ತೆ ದಡ್, ದಡ್, ಸರ್ರ್. ಉದ್ದನೆಯ ಸಿಮೆಂಟ್ ತೊಟ್ಟಿಯ ತಳದಲ್ಲಿ ಕಲ್ಲಿನಂತೆ ಬಿದ್ದಿರುತ್ತಿದ್ದ ತಾಯಿಮೀನುಗಳು ಆ ಸದ್ದಿಗೆ ಒಟ್ಟಿಗೆ ತಿರುಗಿ, ನೀರು ಬಂದು ಬೀಳುವ ತಲೆಭಾಗಕ್ಕೆ ನುಗ್ಗುತ್ತಿದ್ದವು. ಅಲ್ಲಿ ಒಂದರ ಮೈಮೇಲೊಂದು ಬಿದ್ದು, ಬಾಯಿ ಮೇಲೆತ್ತಿ ಮೇವಿಗೆ ಕಾಯುತ್ತಿದ್ದವು. ತೊಟ್ಟಿಯ ಪಕ್ಕದ ಮರದ ಹಾದಿಯ ಮೇಲೆ ಮೇವು ಹಾಕುವವರು ಯಾರೂ ಇರುತ್ತಿರಲಿಲ್ಲ.

"ಯಾರೂ ಇಲ್ಲ ಅಂತ ನಿಮಗೆ ಕಾಣುತ್ತೆ ಡಾಕ್ಟ್ರಮ್ಮ," ಎನ್ನುತ್ತಿದ್ದ ಗುಡುಗ. "ಮೀನಿಗೆ ಹಾಗೆ ಕಾಣಲ್ಲ."

ಅವನ ದನಿ ಎಷ್ಟು ಸಣ್ಣದೆಂದರೆ, ಎದುರು ನಿಂತವರು ಕಿವಿಯನ್ನು ಅವನ ಬಾಯಿಯ ಹತ್ತಿರ ಒಯ್ಯಬೇಕಿತ್ತು. ಅದಕ್ಕೇ ಅವನಿಗೆ ಗುಡುಗ ಎಂದು ಹೆಸರು. ಡಾಕ್ಟ್ರಮ್ಮನ ಹೆಸರೂ ಅಂಥದ್ದೇ ಒಂದು ತಮಾಷೆ. ತಣ್ಣೀರಿನ ಮೀನಿನ ಸಂತಾನದ ಮೇಲೆ ಸಂಶೋಧನೆ ಮಾಡಿ ಡಾಕ್ಟರ್ ಅನ್ನಿಸಿಕೊಂಡವಳು ಅವಳು. ಕೆಳಗಿನ ರಸ್ತೆಯ ಚಹಾ ಅಂಗಡಿಯಲ್ಲಿ ಅವಳನ್ನು ಕಂಡವರೆಲ್ಲ, "ಮೀನಿಗೆ ನೆಗಡಿ ಆದ್ರೆ ಹೆಂಗೆ ಗೊತ್ತಾಗುತ್ತೆ ಡಾಕ್ಟ್ರಮ್ಮ?" ಎಂದು ಕೇಳದೆ ಬಿಡುತ್ತಿರಲಿಲ್ಲ.

ಸದ್ದು ಅವಳ ಅಣ್ಣನ ನಡಿಗೆಯದು ಎಂಬ ಬಗ್ಗೆ ಮರಿಕೇಂದ್ರದಲ್ಲಿ ಎರಡು ಮಾತಿರಲಿಲ್ಲ. ಅಣ್ಣ ಅಲ್ಲಿನ ಮೇಲ್ವಿಚಾರಕನಾಗಿದ್ದ. ಹಳ್ಳದ ಬಂಡೆಯಿಂದ ಬಿದ್ದು ಮಂಡಿ ಒಡೆದುಕೊಂಡ ಮೇಲೆ ಒಂದು ಕಾಲು ಎಳೆದು ನಡೆಯುತ್ತಿದ್ದ. ಸಂಜೆ ಮೇವಿನ ಬಕೆಟ್ ಹಿಡಿದು, ರಬ್ಬರ್ ಬೂಟು ಹಾಕಿಕೊಂಡು ಮರದ ಹಾದಿಯ ಮೇಲೆ ಬರುತ್ತಿದ್ದರೆ ಹೀಗೇ ಕೇಳುತ್ತಿತ್ತು: ದಡ್, ದಡ್, ಸರ್ರ್. ಹೋದ ಮಳೆಗಾಲದ ಕೊನೆಯಲ್ಲಿ ಹಳ್ಳಕ್ಕೆ ದಿಢೀರ್ ನೀರು ಬಂದಾಗ, ಕಾಲುವೆಯ ಬಾಯಿಗೆ ಸಿಕ್ಕಿಕೊಂಡ ಮರದ ಕೊಂಬೆ ತೆಗೆಯಲು ಹೋಗಿ ಅವನು ಕಾಲು ಜಾರಿದ. ನೀರು ಅವನನ್ನು ಕೊಂಡೊಯ್ದು ಕೆಳಗಿನ ಸೇತುವೆಯ ಹತ್ತಿರ ವಾಪಸು ಕೊಟ್ಟಿತು.

ಅವನು ಬಿಟ್ಟುಹೋದದ್ದು ಒಬ್ಬ ಹೆಂಡತಿಯನ್ನು, ಒಂದು ತೊಟ್ಟಿ ಮೀನನ್ನು. ಆ ಮೀನು ಈ ಹಳ್ಳದ್ದೇ ಹುಟ್ಟುವಳಿ. ಹೊಟ್ಟೆ ಬೆಳ್ಳಗೆ, ಬೆನ್ನು ತೊಯ್ದ ಕಲ್ಲಿನ ಬಣ್ಣ. ಜನ ಕಲ್ಲುಮೀನು ಎನ್ನುತ್ತಿದ್ದರು. ಒಂದು ಕಾಲಕ್ಕೆ ಹಳ್ಳದಲ್ಲಿ ಕಾಲಿಟ್ಟರೆ ಕಾಲಿಗೆ ತಾಗುತ್ತಿತ್ತಂತೆ. ಬಲೆ ಹಾಕಿ, ಮದ್ದು ಸಿಡಿಸಿ, ಕೊನೆಗೆ ಹೊರಗಿನಿಂದ ತಂದು ಬಿಟ್ಟ ಟ್ರೌಟ್ ಮೀನು ಇದರ ಮರಿಗಳನ್ನು ತಿಂದು, ಈಗ ಮೇಲಿನ ಮಡುವುಗಳಲ್ಲಿ ಅಷ್ಟೋ ಇಷ್ಟೋ ಉಳಿದಿತ್ತು. ಇದನ್ನು ತೊಟ್ಟಿಯಲ್ಲಿ ಸಾಕಿ ಮರಿ ಮಾಡುವುದು ಸಾಧ್ಯವಾದರೆ ಕೆಳಗಿನ ಊರುಗಳವರು ಸ್ವಂತ ಕೊಳದಲ್ಲಿ ಬೆಳೆದುಕೊಳ್ಳುತ್ತಾರೆ, ಹಳ್ಳ ತನ್ನ ಪಾಡಿಗೆ ತಾನಿರುತ್ತದೆ ಎಂಬುದು ಅಣ್ಣನ ಲೆಕ್ಕಾಚಾರ. ಆದರೆ ಪ್ರತಿ ವಸಂತದಲ್ಲೂ ಮೊಟ್ಟೆ ಬಂದು, ಕಣ್ಣು ಬರುವ ಮೊದಲೇ ಬೆಳ್ಳಗಾಗಿ ಸಾಯುತ್ತಿದ್ದವು.

ಕಣ್ಣು ಬರುವುದು ಅಂದರೆ ಏನೆಂದು ಹೇಳಬೇಕು. ತಾಯಿಮೀನಿನ ಹೊಟ್ಟೆ ಒತ್ತಿ ಇಳಿಸಿಕೊಂಡ ಮೊಟ್ಟೆಗೆ ಗಂಡುಮೀನಿನ ಹಾಲು ಬೆರೆಸಿ ತಟ್ಟೆಗಳಲ್ಲಿ ಹರಡಿ, ಮೇಲೆ ಸಣ್ಣಗೆ ನೀರು ಹರಿಸುತ್ತಾರೆ. ಮೊಟ್ಟೆ ಒಳಗೊಳಗೇ ಕಟ್ಟಿಕೊಳ್ಳುತ್ತ ಹೋಗಿ ಒಂದು ದಿನ ಅದರೊಳಗೆ ಎರಡು ಕಪ್ಪು ಚುಕ್ಕಿ ಮೂಡುತ್ತವೆ. ಅದೇ ಕಣ್ಣು. ಅದು ಬರುವವರೆಗೆ ಮೊಟ್ಟೆ ಬಹಳ ನಾಜೂಕು. ತಟ್ಟೆ ಅಲುಗಬಾರದು, ಬೆಳಕು ಬೀಳಬಾರದು, ನೀರು ನಿಂತು ಮತ್ತೆ ಹರಿದು ಮೊಟ್ಟೆ ಉರುಳಬಾರದು. ಉರುಳಿದರೆ ಸತ್ತಿತು. ಕಣ್ಣು ಬಂದ ಮೇಲೆ ಬಕೆಟ್ಟಿನಿಂದ ಬಕೆಟ್ಟಿಗೆ ಸುರಿದರೂ ಏನೂ ಆಗುವುದಿಲ್ಲ. ಅದಕ್ಕೇ ಆ ದಿನಗಳಲ್ಲಿ ಮರಿಕೇಂದ್ರದವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಣ್ಣಿಗೆ ಕಾಯುತ್ತಾರೆ. ಹಿಂದೊಮ್ಮೆ ಟ್ರೌಟ್ ಮೊಟ್ಟೆಗಳ ಕಾಲದಲ್ಲಿ ಅಣ್ಣ ಕೇಂದ್ರ ಕಚೇರಿಗೆ ಫೋನ್ ಮಾಡಿ, "ಕಣ್ಣು ಬಂದಿದೆ" ಎಂದಿದ್ದ. ಆ ಕಡೆಯ ಹೊಸ ಗುಮಾಸ್ತ ಗಾಬರಿಯಾಗಿ, "ಅಯ್ಯೋ, ಉಜ್ಜಿಕೋಬೇಡಿ ಸಾರ್. ಅಂಟುಜಾಡ್ಯ ಅದು, ಕಪ್ಪು ಕನ್ನಡಕ ಹಾಕ್ಕೊಂಡು ಮನೇಲಿರಿ" ಎಂದು ರಜೆಯನ್ನೂ ಮಂಜೂರು ಮಾಡಿಸಿದ್ದ. ಆ ಕತೆಯನ್ನು ಅಣ್ಣ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ.

ಈ ವಸಂತಕ್ಕೆ ನಿರ್ದೇಶಕರು ಮುಚ್ಚುಮರೆ ಇಲ್ಲದೆ ಹೇಳಿದ್ದರು. "ಅಣ್ಣನ ಕೆಲಸ ನೀವೇ ಮುಗಿಸಿ. ಈ ಸಲ ಕಣ್ಣು ಬಂದ್ರೆ ಕಲ್ಲುಮೀನಿನ ಕೆಲಸ ಮುಂದುವರಿಯುತ್ತೆ. ಬರದಿದ್ರೆ ತೊಟ್ಟಿ ಖಾಲಿ ಮಾಡಿ ಟ್ರೌಟ್ ಬಿಡ್ತೀವಿ. ಆಮೇಲೆ ನನ್ನ ದೂರಬೇಡಿ." ಹಾಗಾಗಿ ಡಾಕ್ಟ್ರಮ್ಮ ಕೆಳಗಿನ ಪ್ರಯೋಗಾಲಯ ಬಿಟ್ಟು ಬೆಟ್ಟಕ್ಕೆ ಬಂದು, ಅತ್ತಿಗೆಯ ಜೊತೆ ಕ್ವಾರ್ಟರ್ಸಿನಲ್ಲಿ ಉಳಿದಿದ್ದಳು. ಅಣ್ಣ ಹಿಡಿದು ತಂದ ತಾಯಿಮೀನುಗಳಿಂದಲೇ ಮೊಟ್ಟೆ ಇಳಿಸಿದ್ದಾಯಿತು. ತಟ್ಟೆಗಳ ಉಸ್ತುವಾರಿ ಅತ್ತಿಗೆಯದು. ಅವಳಿಗೆ ಅದೇ ನೌಕರಿ: ಸತ್ತು ಬೆಳ್ಳಗಾದ ಮೊಟ್ಟೆಗಳನ್ನು ಚಿಮಟದಿಂದ ಹೆಕ್ಕಿ ತೆಗೆಯುವುದು. ತೆಗೆಯದಿದ್ದರೆ ಅವುಗಳಿಗೆ ಬೂಸ್ಟು ಹಿಡಿದು ಪಕ್ಕದ್ದೂ ಸಾಯುತ್ತದೆ. ಪಕ್ಕದ ಮೊಟ್ಟೆ ಮಿಸುಕದ ಹಾಗೆ ಒಂದನ್ನು ಎತ್ತುವ ಕೈ ಆ ಇಡೀ ಕೇಂದ್ರದಲ್ಲಿ ಅವಳೊಬ್ಬಳದೇ.

ಸದ್ದು ಮೊದಲ ಸಲ ಕೇಳಿದಾಗ ಡಾಕ್ಟ್ರಮ್ಮನ ಕೈಯಲ್ಲಿ ತಾಪಮಾಪಕ ಇತ್ತು. ನೀರಿನ ತಾಪ ಬರೆದುಕೊಂಡೇ ತಲೆ ಎತ್ತಿದಳು. ಅತ್ತಿಗೆ ಎದುರಿನ ತಟ್ಟೆಯ ಮೇಲೆ ಬಾಗಿದ್ದಳು. ಅವಳ ಚಿಮಟ ಗಾಳಿಯಲ್ಲಿ ನಿಂತಿತ್ತು. ಬಹಳ ದಿನದ ಹಲ್ಲುನೋವು ಇದ್ದಕ್ಕಿದ್ದಂತೆ ನಿಂತವರ ಮುಖದಲ್ಲಿ ಕಾಣುವ ಸಡಿಲ ಅವಳ ಮುಖದಲ್ಲಿತ್ತು. ಸದ್ದು ನಿಂತ ಮೇಲೆ ಚಿಮಟ ಮತ್ತೆ ಕೆಳಗಿಳಿಯಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಕಲಿತವಳು ಡಾಕ್ಟ್ರಮ್ಮ. ಮಾರನೇ ದಿನ ಬೆಳಿಗ್ಗೆ ಕಾಲುವೆಯ ಉದ್ದಕ್ಕೂ ನಡೆದು ತೂಬಿನ ಹತ್ತಿರ ಹೋದಳು. ಕಾರಣ ಅಲ್ಲೇ ಸಿಕ್ಕಿತು. ಕಾಲುವೆಯ ನೀರು ಹೊರಗಿನ ಕೊಚ್ಚೆದಾರಿಗೆ ಹರಿದುಹೋಗದಂತೆ ತೂಬಿಗೆ ಅಡ್ಡ ಇಳಿಸಿದ ದಪ್ಪ ಹಲಗೆ ಕಲ್ಲಿನಲ್ಲಿ ಕೊರೆದ ಕಚ್ಚಿನಲ್ಲಿ ಬಿಗಿಯಾಗಿ ಕೂರಲು ಪಕ್ಕಕ್ಕೊಂದು ಮರದ ಬೆಣೆ ಹೊಡೆದಿರಬೇಕು. ಬೆಣೆ ಇರಲಿಲ್ಲ. ಹಗಲು ಬಿಸಿಲಿಗೆ ಮೇಲಿನ ಹಿಮ ಕರಗುತ್ತದೆ. ಆ ನೀರು ಇಳಿದಿಳಿದು ಇಲ್ಲಿಗೆ ತಲುಪುವಷ್ಟರಲ್ಲಿ ಸಂಜೆ. ಮಟ್ಟ ಏರಿದಾಗ ನೀರು ಹಲಗೆಯನ್ನು ಕಲ್ಲಿಗೆ ಎರಡು ಸಲ ಬಡಿಯುತ್ತದೆ, ಹಲಗೆ ಉಜ್ಜಿಕೊಂಡು ಒಂದಿಷ್ಟು ಮೇಲೇಳುತ್ತದೆ, ನೀರು ಕೆಳಗಿಂದ ನುಸುಳಿ ಮಟ್ಟ ಇಳಿಯುತ್ತದೆ, ಹಲಗೆ ಕೂರುತ್ತದೆ. ಮತ್ತೆ ಅದೇ. ಇಷ್ಟೇ ಸಂಗತಿ. ಪ್ರತಿ ವರ್ಷ ಹಿಮ ಕರಗುವ ಮೊದಲು ಹೊಸ ಬೆಣೆ ಹೊಡೆಯುತ್ತಿದ್ದವನು ಅಣ್ಣ. ಈ ವರ್ಷ ಹೊಡೆಯುವವರಿರಲಿಲ್ಲ.

ಅಂದು ಸಂಜೆ ಅವಳು ತೂಬಿನ ಮೇಲೆ ಕೂತು, ಹಲಗೆಯ ಮೇಲೆ ಅಂಗೈ ಇಟ್ಟು ಕಾದಳು. ನೀರು ಏರಿತು. ದಡ್, ದಡ್. ಕೈಯ ಕೆಳಗೆ ಅಣ್ಣ ನಡೆದ. ಸರ್ರ್. ಕೆಳಗೆ ತೊಟ್ಟಿಯಲ್ಲಿ ಮೀನು ಕಲಕಿದ ಸದ್ದು ಅಲ್ಲಿಗೂ ಕೇಳಿತು. ಕಾರಣ ಅಂಗೈಯಲ್ಲಿತ್ತು, ಆದರೂ ಬೆನ್ನ ಹಿಂದೆ ಯಾರೋ ನಿಂತು ಅವಳು ಏಳುವುದನ್ನೇ ಕಾಯುತ್ತಿದ್ದಾರೆ ಎನ್ನಿಸುವುದು ತಪ್ಪಲಿಲ್ಲ. ಅವಳು ಹಿಂದಿರುಗಿ ನೋಡಲಿಲ್ಲ. ಕೈ ಮರಗಟ್ಟಿದ ಮೇಲೆಯೇ ತೆಗೆದಳು.

ಕ್ವಾರ್ಟರ್ಸಿಗೆ ಬಂದಾಗ ಅತ್ತಿಗೆ ಚಹಾಕ್ಕಿಟ್ಟಿದ್ದಳು. "ಎಲ್ಲಿಗೆ ಹೋಗಿದ್ದೆ, ಕೈ ಮಂಜುಗಡ್ಡೆ ಆಗಿದೆಯಲ್ಲೇ?"

"ನೀರಿನ ಮಟ್ಟ ನೋಡೋಕೆ ಅತ್ತಿಗೆ."

"ಹೆಂಗಿದೆ?"

"ಸರಿಯಾಗಿದೆ."

ಹಲಗೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಸಡಿಲವಾದ ಮುಖ ನೆನಪಾಗಿ ನುಂಗಿಕೊಂಡಳು. ದಿನಕ್ಕೊಮ್ಮೆ ಗಂಡನ ಹೆಜ್ಜೆ ಕೇಳುವ ಹೆಂಗಸಿಗೆ ಅದು ಹಲಗೆ ಎಂದು ಹೇಳಿ ಏನು ಸಾಧಿಸುವುದು? ಹೇಗಿದ್ದರೂ ಈಗ ಬೆಣೆ ಹೊಡೆಯುವ ಹಾಗಿರಲಿಲ್ಲ. ಹೊಡೆಯಬೇಕಾದರೆ ಹಲಗೆ ಎತ್ತಬೇಕು, ಎತ್ತಿದರೆ ನೀರು ಕೊಚ್ಚೆದಾರಿಗೆ ಹೋಗಿ ತಟ್ಟೆಗಳಿಗೆ ನಿಲ್ಲುತ್ತದೆ, ಮತ್ತೆ ಬಿಟ್ಟಾಗ ತಟ್ಟೆಗಳಿಗೆ ರಭಸ ಬಂದು ಮೊಟ್ಟೆ ಉರುಳುತ್ತದೆ. ಸದ್ದಿನಿಂದ ತಟ್ಟೆಗೆ ಅಪಾಯವಿಲ್ಲವೇ ಎಂಬುದನ್ನೂ ಅವಳು ಪರೀಕ್ಷಿಸಿದ್ದಳು. ತಟ್ಟೆಗಳ ಪಕ್ಕ ಒಂದು ಬಟ್ಟಲು ನೀರಿಟ್ಟು ಸಂಜೆ ನೋಡಿದರೆ ನೀರಿನ ಮೈ ನಡುಗಿರಲಿಲ್ಲ. ಕಣ್ಣು ಬರುವವರೆಗೆ ತೂಬು ಮುಟ್ಟಬಾರದೆಂಬುದು ಅಣ್ಣನದೇ ಕಟ್ಟಳೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡಳು.

ಗುಡುಗನಂತೂ ತೂಬಿನ ಕಡೆ ತಲೆ ಹಾಕಲೂ ತಯಾರಿರಲಿಲ್ಲ. "ಪೈಪ್ ಹೇಳಿ, ಪಂಪ್ ಹೇಳಿ, ಬಿಚ್ಚಿ ಜೋಡಿಸ್ತೀನಿ. ಯಜಮಾನ್ರು ಓಡಾಡೋ ಜಾಗಕ್ಕೆ ಮಾತ್ರ ನನ್ನ ಕಳಿಸಬೇಡಿ. ಬದುಕಿದ್ದಾಗಲೇ ನನ್ನ ಕೆಲಸಕ್ಕೆ ನೂರು ತಪ್ಪು ಹಿಡೀತಿದ್ರು. ಈಗ ಅವರಿಗೆ ಬೇರೆ ಕೆಲಸಾನೂ ಇಲ್ಲ."

ದಿನಗಳು ಹೀಗೇ ಉರುಳಿದವು. ಸಂಜೆಯಾದರೆ ಸದ್ದು, ಸದ್ದಾದರೆ ಮೀನು ನುಗ್ಗುವುದು, ಆಗ ಗುಡುಗ ಮುಖ ಆ ಕಡೆ ಮಾಡಿಕೊಂಡು ಓಡೋಡಿ ಬಂದು ಮೇವು ಚೆಲ್ಲಿ ಓಡುವುದು. ತಟ್ಟೆಗಳ ಕೋಣೆಯ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿತ್ತು. ಆ ಮಬ್ಬಿನಲ್ಲಿ ಇಬ್ಬರು ಹೆಂಗಸರು ತಟ್ಟೆಗಳ ಈಚೆ ಆಚೆ ನಿಂತು, ಕೇಳಿಸದವರ ಹಾಗೆ ಕೇಳಿಸಿಕೊಳ್ಳುತ್ತಿದ್ದರು. ಬರಬರುತ್ತ ಡಾಕ್ಟ್ರಮ್ಮ ಆ ಹೊತ್ತಿಗೆ ಬೇರೆ ಕೆಲಸ ಇಟ್ಟುಕೊಳ್ಳುವುದನ್ನೇ ಬಿಟ್ಟಳು. ನೆರಳು ಅಂಗಳಕ್ಕೆ ಬೀಳುವುದೇ ತಡ, ಕಾಲು ತಾನಾಗಿ ಕೋಣೆಯ ಕಡೆ ತಿರುಗುತ್ತಿತ್ತು. ಹೋದ ವರ್ಷ ಅಣ್ಣನ ಫೋನ್ ಬಂದಾಗೆಲ್ಲ, "ಆಮೇಲೆ ಮಾಡ್ತೀನಿ" ಎಂದು ಇಡುತ್ತಿದ್ದವಳು, ಈಗ ಒಂದು ಹಲಗೆ ತಡವಾಗಿ ಬಡಿದರೆ ಚಡಪಡಿಸುತ್ತಿದ್ದಳು.

ಒಂದು ಬೆಳಿಗ್ಗೆ ಕೆಂಪು ಗಾಜಿನ ಟಾರ್ಚನ್ನು ತಟ್ಟೆಯ ಮೇಲೆ ಹಿಡಿದಾಗ ಮೊಟ್ಟೆಗಳು ಅವಳನ್ನು ನೋಡಿದವು.

ಅವಳು ಇನ್ನೊಂದು ತಟ್ಟೆ ನೋಡಿದಳು. ಮತ್ತೊಂದು. ಎಲ್ಲದರಲ್ಲೂ ಜೋಡಿ ಜೋಡಿ ಕಪ್ಪು ಚುಕ್ಕಿ. ಈ ಮೀನಿನ ಮೊಟ್ಟೆಯಲ್ಲಿ ಕಣ್ಣು ಮೂಡಿದ್ದನ್ನು ಇದುವರೆಗೆ ಯಾರೂ ಕಂಡಿರಲಿಲ್ಲ. ಕೂಗಿ ಎಲ್ಲರನ್ನೂ ಕರೆಯಬೇಕಿತ್ತು. ಕಚೇರಿಗೆ ಫೋನ್ ಮಾಡಬೇಕಿತ್ತು. ಆಮೇಲೆ ಮೊದಲ ಕೆಲಸವಾಗಿ ಬೆಣೆ ಹೊಡೆಸಬೇಕಿತ್ತು, ಏಕೆಂದರೆ ಇನ್ನು ನೆಪವಿರಲಿಲ್ಲ. ಮರಿ ಒಡೆಯುವ ಕಾಲಕ್ಕೆ ನೀರು ಹೆಚ್ಚು ಬೇಕು, ಹಲಗೆ ಗಟ್ಟಿ ಇರಬೇಕು.

ಅಷ್ಟರಲ್ಲಿ ಅತ್ತಿಗೆ ಒಳಗೆ ಬಂದಳು. "ಏನೇ, ಕಣ್ಣು ಬಂತಾ?"

"ಇಲ್ಲ ಅತ್ತಿಗೆ. ಇನ್ನೂ ಇಲ್ಲ."

ಬಾಯಿಂದ ಬಿದ್ದ ಮೇಲೆಯೇ ಅದು ಸುಳ್ಳೆಂದು ಅವಳಿಗೆ ತಿಳಿದದ್ದು. ಅತ್ತಿಗೆ ಟಾರ್ಚ್ ತೆಗೆದುಕೊಂಡು ತಾನೂ ಬಾಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಹೂಂ. ಎಲ್ಲಿ ಬಂದಿದೆ. ನೀರು ತಣ್ಣಗಿದೆ ನೋಡು, ತಡ ಆಗುತ್ತೆ," ಎಂದು ಅತ್ತಿಗೆ ಟಾರ್ಚ್ ಆರಿಸಿದಳು.

ಕತ್ತಲಲ್ಲೂ ಸತ್ತ ಮೊಟ್ಟೆ ಹುಡುಕುವ ಕಣ್ಣಿಗೆ ಇದು ಹೇಗೆ ಕಾಣಲಿಲ್ಲ ಎಂದು ಡಾಕ್ಟ್ರಮ್ಮ ಯೋಚಿಸದೆ ಇರಲಿಲ್ಲ. ಅತ್ತು ಅತ್ತು ಕಣ್ಣು ಮಂಜಾಗಿರಬೇಕು ಎಂದು ಸಮಾಧಾನ ಮಾಡಿಕೊಂಡಳು. ಕಾಣದಿದ್ದದ್ದೇ ಒಳ್ಳೆಯದಾಯಿತು. ಇನ್ನೊಂದೆರಡು ಸಂಜೆ ಸಿಕ್ಕಿತು.

ಆ ಒಂದೆರಡು ಸಂಜೆ ಹಾಗೇ ಬೆಳೆಯಿತು. ನಿರ್ದೇಶಕರು ಫೋನ್ ಮಾಡಿದರು. "ಕಣ್ಣು ಬಂತಾ?"

"ಇಲ್ಲ ಸರ್."

"ನನ್ನ ಕೈ ಕಟ್ಟಿದೆ ನೋಡಿ. ಟ್ರೌಟ್ ಮರಿ ಲಾರಿಗೆ ಹೇಳಿಬಿಡಲಾ?"

"ಸ್ವಲ್ಪ ಕಾಯಿರಿ ಸರ್."

"ಏನಕ್ಕೆ ಕಾಯೋದು ಅಂತಾದ್ರೂ ಹೇಳಿ."

ಫೋನಿಟ್ಟು ನಿಂತಾಗ ಒಂದು ಕ್ಷಣ ತನ್ನ ಬಗ್ಗೆಯೇ ಭಯವಾಯಿತು. ಅಣ್ಣ ಬದುಕಿದ್ದಷ್ಟು ಕಾಲವೂ ಕೇಳಬೇಕೆಂದು ಹಂಬಲಿಸಿದ ಮಾತು ಅವಳ ಬಾಯಲ್ಲಿತ್ತು. ಅದನ್ನು ಅವಳು ಅಣ್ಣನ ಹೆಜ್ಜೆಸದ್ದಿಗೋಸ್ಕರ ಹೇಳದೆ ಇಟ್ಟುಕೊಂಡಿದ್ದಳು. ತಟ್ಟೆಗಳ ಕೋಣೆಗೆ ಹೋಗುವುದೂ ಈಗ ಕಷ್ಟವಾಗುತ್ತಿತ್ತು. ಟಾರ್ಚ್ ಹಿಡಿಯದಿದ್ದರೂ, ಮಬ್ಬಿನಲ್ಲಿ ಆ ಕಣ್ಣುಗಳೆಲ್ಲ ತನ್ನ ಕಡೆಗೇ ತೆರೆದಿವೆ ಎಂದು ಗೊತ್ತಾಗುತ್ತಿತ್ತು. ರೆಪ್ಪೆ ಇಲ್ಲದ ಕಣ್ಣುಗಳು, ಮುಚ್ಚಲು ಬಾರದವು.

ಆಮೇಲೆ ಒಂದು ದಿನ ಬಿಸಿಲು ವಿಪರೀತ ಕಾಯಿತು. ಬೆಟ್ಟದ ನೆತ್ತಿಯ ಬಿಳಿ ಮಧ್ಯಾಹ್ನದ ಹೊತ್ತಿಗೇ ಹರಿದ ಚಾದರದಂತಾಯಿತು. ಸಂಜೆ ಸದ್ದು ಬೇಗನೆ ಬಂತು, ಜೋರಾಗಿ ಬಂತು. ದಡ್ ದಡ್ ಸರ್ರ್, ದಡ್ ದಡ್ ಸರ್ರ್. ನಡುವೆ ಬಿಡುವೇ ಇರಲಿಲ್ಲ. ಕಾಲೆಳೆಯುವ ಮನುಷ್ಯ ಓಡಲು ನೋಡುತ್ತಿದ್ದ ಹಾಗೆ. ತೊಟ್ಟಿಯ ಮೀನುಗಳು ನೀರಿನಿಂದ ಎಗರಿ ಸಿಮೆಂಟಿಗೆ ಬಡಿದುಕೊಳ್ಳತೊಡಗಿದವು. ಗುಡುಗ ಮೇವಿನ ಬಕೆಟ್ ಅಲ್ಲೇ ಬಿಟ್ಟು ಓಡಿಬಂದು ಕೋಣೆಯ ಬಾಗಿಲಲ್ಲಿ ನಿಂತ.

"ಯಜಮಾನ್ರಿಗೆ ಸಿಟ್ಟು ಬಂದಿದೆ," ಎಂದ. ಹುಟ್ಟಿದಾಗಿನಿಂದ ಮೊದಲ ಸಲವೋ ಏನೋ, ಅವನ ಮಾತು ಇಡೀ ಕೋಣೆಗೆ ಕೇಳಿತು.

ಅದೇ ಗಳಿಗೆಗೆ ಮರ ಸೀಳಿದ ಸದ್ದಾಗಿ, ಹೆಜ್ಜೆ ನಿಂತಿತು.

ಅತ್ತಿಗೆ ತಲೆ ಎತ್ತಿ, "ನೀರು," ಎಂದಳು. ತಟ್ಟೆಗಳ ಮೇಲೆ ಸದಾ ಇರುತ್ತಿದ್ದ ಸಣ್ಣ ಗುಳುಗುಳು ಇಳಿಯುತ್ತಿತ್ತು. ಹಲಗೆ ಒಡೆದು, ಕಾಲುವೆಯ ನೀರೆಲ್ಲ ಕೊಚ್ಚೆದಾರಿಗೆ ತಿರುಗಿತ್ತು. ಮೇಲಿನ ಸಾಲಿನ ತಟ್ಟೆಗಳಲ್ಲಿ ಮೊಟ್ಟೆಗಳ ಬೆನ್ನು ಆಗಲೇ ಹೊರಗೆ ಕಾಣುತ್ತಿತ್ತು.

ಮೂವರೂ ಓಡಿದರು. ತೂಬಿನಲ್ಲಿ ಹಲಗೆಯ ಒಂದು ಮಗ್ಗುಲು ಸೀಳಿ ಓರೆಯಾಗಿತ್ತು. ನೀರು ಕಂದು ಬಣ್ಣಕ್ಕೆ ತಿರುಗಿ ನೊರೆಯುಗುಳುತ್ತಿತ್ತು. ಗುಡುಗನ ಭಯ ಎಲ್ಲಿ ಹೋಯಿತೋ, ಶೆಡ್ಡಿನಿಂದ ಬದಲಿ ಹಲಗೆ ಹೊತ್ತು ತಂದು ಸೊಂಟದವರೆಗೆ ನೀರಿಗಿಳಿದ. ಅತ್ತಿಗೆ ಆ ಕಡೆ ಹಿಡಿದಳು, ಡಾಕ್ಟ್ರಮ್ಮ ಈ ಕಡೆ. ಮೂವರ ಭಾರಕ್ಕೆ ಹಲಗೆ ಕಚ್ಚಿನಲ್ಲಿ ಕೂತಿತು. ಗುಡುಗ ಬೆಣೆ ಇಟ್ಟು, ಸುತ್ತಿಗೆ ಎತ್ತಿ, ಎತ್ತಿದ ಕೈ ಎತ್ತಿದ ಹಾಗೇ ನಿಂತ.

"ಡಾಕ್ಟ್ರಮ್ಮ, ಇದನ್ನ ಬಿಗಿದ್ರೆ ನೀರು ಒಮ್ಮೆಗೇ ನುಗ್ಗುತ್ತೆ. ಕಣ್ಣು ಬರದೆ ಮುಟ್ಟಬಾರದು ಅಂತ ಯಜಮಾನ್ರು... ಕಣ್ಣು ಬಂದಿಲ್ಲ ಅಂದ್ರಲ್ಲ ನೀವು. ಮೊಟ್ಟೆ ಎಲ್ಲಾ ಸತ್ತುಹೋಗುತ್ತೆ. ಹೊಡೀಲಾ, ಬೇಡ್ವಾ?"

"ಬಂದಿದೆ, ಹೊಡಿ!"

ಹೇಳಿದ್ದು ಎರಡು ದನಿ. ಡಾಕ್ಟ್ರಮ್ಮ ತಿರುಗಿ ನೋಡಿದಳು. ಅತ್ತಿಗೆಯೂ ಅವಳನ್ನೇ ನೋಡುತ್ತಿದ್ದಳು. ಮುಖದ ಮೇಲೆ ಕೂದಲು ಒದ್ದೆಯಾಗಿ ಅಂಟಿತ್ತು. ಗುಡುಗ ಇಬ್ಬರ ಮುಖವನ್ನೂ ನೋಡಿ, ಏನೂ ಕೇಳದೆ ಸುತ್ತಿಗೆ ಬೀಸಿದ. ಬೆಣೆ ಒಳಗಿಳಿಯಿತು. ನೀರು ಕಾಲುವೆಯಲ್ಲಿ ಹೊರಳಿ ಕೋಣೆಯ ಕಡೆಗೆ ಹರಿಯಿತು.

ಬೆಣೆ ಬಿಗಿದ ಮೇಲೂ ಇಬ್ಬರು ಹೆಂಗಸರ ಕೈ ಹಲಗೆಯ ಮೇಲೇ ಇತ್ತು. ನೀರು ಏರಿ ಬಂದು ಹಲಗೆಗೆ ಎದೆ ಕೊಟ್ಟಿತು. ಹಲಗೆ ಮಿಸುಕಲಿಲ್ಲ.

"ನಿಮಗೆ ಯಾವಾಗ ಕಾಣಿಸ್ತು?" ಎಂದು ಕೇಳಿದಳು ಡಾಕ್ಟ್ರಮ್ಮ, ಗುಡುಗ ಹೊರಟುಹೋದ ಮೇಲೆ.

"ನಿನಗೆ ಕಂಡಾಗಲೇ. ಟಾರ್ಚ್ ಹಿಡಿದು ನಾನೇನು ಜಪ ಮಾಡ್ತಿದ್ನಾ?"

"ಮತ್ತೆ ಹೇಳಲಿಲ್ಲ?"

"ನೀನ್ಯಾಕೆ ಹೇಳಲಿಲ್ಲ?"

ಡಾಕ್ಟ್ರಮ್ಮ ತಲೆ ತಗ್ಗಿಸಿದಳು. "ಇದು ಹಲಗೆ ಅಂತ ನನಗೆ ಗೊತ್ತಿತ್ತು ಅತ್ತಿಗೆ. ನೀವು ಅಣ್ಣನೇ ಅಂದ್ಕೊಂಡಿದ್ರಿ. ಬೆಣೆ ಹೊಡೆದ್ರೆ ನಿಮಗೆ..."

"ನಾನಾ?" ಅತ್ತಿಗೆ ನಗಲು ಹೋಗಿ ಅರ್ಧಕ್ಕೆ ನಿಂತಳು. "ಹನ್ನೊಂದು ವರ್ಷ ಆ ಮನುಷ್ಯ ನಡೆಯೋದು ಕೇಳಿದೀನಿ ಕಣೇ. ಹಲಗೆಗೂ ಗಂಡಂಗೂ ವ್ಯತ್ಯಾಸ ತಿಳಿಯಲ್ವಾ? ಅವರು ತೊಟ್ಟಿಯ ಕೊನೇಲಿ ಯಾವಾಗಲೂ ಕೆಮ್ಮೋರು. ಇದು ಕೆಮ್ಮಲೇ ಇಲ್ಲ. ಮೊದಲನೇ ಸಂಜೆ ಒಂದು ಗಳಿಗೆ ಮೋಸ ಹೋದೆ, ಅಷ್ಟೆ. ಆಮೇಲೆ ನಿನ್ನ ಮುಖ ನೋಡಿದೆ. ಆ ಹೊತ್ತಾದ್ರೆ ನೀನು ಎಲ್ಲಿದ್ರೂ ಓಡಿ ಬಂದು ನಿಲ್ತಿದ್ದೆ. ಪಾಪ, ಇವಳಿಗಾದ್ರೂ ಇರಲಿ ಅಂತ ಸುಮ್ಮನಾದೆ."

ಇಬ್ಬರೂ ತೂಬಿನ ಕಲ್ಲಿನ ಮೇಲೆ ಕೂತೇ ಇದ್ದರು. ಹಳ್ಳದ ಸದ್ದೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ.

ಮೇಲಿನ ಸಾಲಿನ ತಟ್ಟೆಗಳ ಮೊಟ್ಟೆ ನೀರಿಲ್ಲದೆ ಒಣಗಿ ಬಹುಪಾಲು ಬೆಳ್ಳಗಾಯಿತು. ಅತ್ತಿಗೆ ಅವನ್ನು ಒಂದೊಂದಾಗಿ ಹೆಕ್ಕಿದಳು. ಆ ಮೊಟ್ಟೆಗಳು ಸತ್ತದ್ದು ಬಿಸಿಲಿಗಲ್ಲ, ತನ್ನ ಸುಳ್ಳಿಗೆ ಎಂದು ಡಾಕ್ಟ್ರಮ್ಮನಿಗೆ ಗೊತ್ತಿತ್ತು. ಕಚೇರಿಗೆ ಫೋನ್ ಮಾಡಿ, ಕಣ್ಣು ಬಂದದ್ದು ಯಾವಾಗ, ತಾನು ಹೇಳಿದ್ದು ಯಾವಾಗ, ನಡುವೆ ನಷ್ಟವಾದದ್ದೆಷ್ಟು ಎಲ್ಲವನ್ನೂ ಒಪ್ಪಿಸಿದಳು. ಎಲ್ಲ ಕೇಳಿ ನಿರ್ದೇಶಕರು, "ಉಳಿದದ್ದನ್ನ ಉಳಿಸಿಕೊಳ್ಳಿ. ಲಾರಿ ಬರಲ್ಲ," ಎಂದು ಫೋನಿಟ್ಟರು. ಕೆಳಗಿನ ಸಾಲುಗಳಲ್ಲಿ ಮರಿ ಒಡೆಯಿತು. ಬೆಂಕಿಕಡ್ಡಿಯ ತುಂಡಿನಷ್ಟು ಮೈ, ಹೊಟ್ಟೆಗೊಂದು ಹಳದಿ ಚೀಲ, ಮೈಗಿಂತ ಮೊದಲು ಕಾಣುವ ಕಣ್ಣು.

ತೊಟ್ಟಿಯ ತಾಯಿಮೀನುಗಳು ಮಾತ್ರ ಮೇವು ಬಿಟ್ಟವು.

ಗುಡುಗ ಈಗ ಧೈರ್ಯವಾಗಿ ಮರದ ಹಾದಿಯ ಮೇಲೆ ನಡೆದು ಮೇವು ಹಾಕುತ್ತಿದ್ದ. ಮೀನು ತಳ ಬಿಟ್ಟು ಏಳುತ್ತಿರಲಿಲ್ಲ. ಮೇವು ತೇಲಿ ತೇಲಿ ಜಾಲರಿಗೆ ಹೋಗಿ ಕೊಳೆಯುತ್ತಿತ್ತು. ಮೊಟ್ಟೆ ಇಟ್ಟು ಸೊರಗಿದ ಮೀನು ಈಗ ತಿನ್ನದಿದ್ದರೆ ಮುಂದಿನ ವಸಂತಕ್ಕೆ ಉಳಿಯುವುದಿಲ್ಲ. ಉಪ್ಪುನೀರಿನಲ್ಲಿ ಅದ್ದಿ ತೆಗೆದದ್ದಾಯಿತು, ಮೇವು ಬದಲಿಸಿದ್ದಾಯಿತು. ನೀರಿನಲ್ಲಿ ದೋಷವಿರಲಿಲ್ಲ.

"ಯಜಮಾನ್ರು ಬರ್ತಿಲ್ಲ, ಅದಕ್ಕೆ," ಎಂದ ಗುಡುಗ.

ಅಂದು ಸಂಜೆ ಡಾಕ್ಟ್ರಮ್ಮ ಬಕೆಟ್ ತಾನೇ ತೆಗೆದುಕೊಂಡಳು. ಅಂಗಳದಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು ಮರದ ಹಾದಿ ಹತ್ತಿದಳು. ಎರಡು ಹೆಜ್ಜೆ ಗಟ್ಟಿಯಾಗಿ ಇಟ್ಟು, ಎಡಗಾಲನ್ನು ಎಳೆದಳು. ದಡ್, ದಡ್, ಸರ್ರ್. ತಳದಲ್ಲಿ ಒಂದು ಬೆನ್ನು ಹೊರಳಿತು. ಮತ್ತೆ ಎಳೆದಳು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು, ಆದರೂ ಎಳೆದಳು. ತೊಟ್ಟಿಯ ನೀರು ಒಮ್ಮೆಗೇ ಕಪ್ಪಾಗಿ ಮೀನುಗಳು ತಲೆಭಾಗಕ್ಕೆ ನುಗ್ಗಿದವು. ಬಾಯಿಗಳು ಮೇಲೆದ್ದವು. ಅವಳು ಹಿಡಿ ತುಂಬ ಮೇವು ಬೀರಿದಳು. ನೀರು ಕುದಿಯಿತು.

"ಎಡಗಾಲಲ್ಲ ಕಣೇ."

ಕೋಣೆಯ ಬಾಗಿಲಲ್ಲಿ ಅತ್ತಿಗೆ ಚಿಮಟ ಹಿಡಿದು ನಿಂತಿದ್ದಳು.

"ಏನು?"

"ಅವರು ಎಳೀತಿದ್ದದ್ದು ಬಲಗಾಲು. ನೀನು ಬಂದಾಗೆಲ್ಲ ಎದುರಿಗೆ ಕೂತು ಮಾತಾಡಿ ಹೋಗ್ತಿದ್ದೆ. ಎದುರಿಗೆ ಕೂತೋರಿಗೆ ಹಂಗೇ ಉಲ್ಟಾ ನೆನಪಿರುತ್ತೆ."

"ಮೀನಿಗೆ ಯಾವ ಕಾಲು ಅಂತ ತಿಳಿಯಲ್ಲ ಅತ್ತಿಗೆ. ಸದ್ದು ಒಂದೇ."

"ಮೀನಿಗೆ ತಿಳಿಯಲ್ಲ," ಎಂದು ಒಪ್ಪಿ ಅತ್ತಿಗೆ ಅಲ್ಲೇ ನಿಂತಳು.

ಡಾಕ್ಟ್ರಮ್ಮ ಹಾದಿಯ ಆ ಕೊನೆಯಿಂದ ವಾಪಸು ಬರುವಾಗ ಬಲಗಾಲು ಎಳೆದಳು.

ಅಂದಿನಿಂದ ಸಂಜೆ ಮೇವು ಅವಳ ಕೆಲಸವಾಯಿತು. ಮೀನು ತಿಂದು ಮೈ ತುಂಬಿಕೊಂಡವು. ಮರಿಗಳ ಹೊಟ್ಟೆಯ ಚೀಲ ಕರಗಿ ಅವು ಈಜಲು ಕಲಿತವು. ಹಿಮ ಪೂರ್ತಿ ಕರಗಿ ಹಳ್ಳದ ನೀರು ತಿಳಿಯಾಯಿತು. ಒಂದು ದಿನ ಅವಳು ಮೇವು ಹಾಕಿ ಬಂದು, ಬೂಟು ಕಳಚಿಟ್ಟು, ಕೈ ತೊಳೆದು, ಕ್ವಾರ್ಟರ್ಸಿನ ನಡುಮನೆಯಿಂದ ಅಡುಗೆಮನೆಗೆ ಹೊರಟಳು. ನೀರು ಬೇಕಿತ್ತು. ಒಲೆಯ ಮುಂದಿದ್ದ ಅತ್ತಿಗೆಯ ಕೈಯಲ್ಲಿ ಸೌಟು ನಿಂತಿತು. ಅವಳು ತಿರುಗದೆ, ಬೆನ್ನು ಹಾಕಿಕೊಂಡೇ, ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ಇಲ್ಲಿ ಮೀನಿಲ್ಲ ಕಣೇ," ಎಂದಳು ಆಮೇಲೆ.

ಡಾಕ್ಟ್ರಮ್ಮ ನಿಂತು ಕೆಳಗೆ ನೋಡಿದಳು. ಎಡಪಾದ ಮುಂದಿತ್ತು. ಬರಿಗಾಲಿನ ಬಲಪಾದ ಹಿಂದೆ ಉಳಿದು, ಬೆರಳುಗಳನ್ನು ನೆಲಕ್ಕೆ ಊರಿಕೊಂಡು, ಇನ್ನೂ ಬರುತ್ತಿತ್ತು.